ಮಾನ್ಯಖೇಟದ ಮಂತ್ರವಿದ್ಯೆ: ಮರೆತ ನಿಯಮಗಳು, ಎರವಲು ನಿಯಮಗಳು

ಕನ್ನಡದ ಹಳೆಯ ಕಥೆಗಳಲ್ಲಿ ಮಾಯೆ ಬೇಕಾದಷ್ಟಿದೆ, ಆದರೆ ಆ ಮಾಯೆಗೆ ನಿಯಮವೇ ಇಲ್ಲ ಎಂಬ ಮಾತು ಸಾಹಿತ್ಯ ವಿದ್ಯಾರ್ಥಿಗಳ ನಡುವೆ ಆಗಾಗ ಕೇಳಿಬರುತ್ತದೆ. ದೇವತೆ ಪ್ರತ್ಯಕ್ಷಳಾಗುತ್ತಾಳೆ, ವರ ಕೊಡುತ್ತಾಳೆ, ನಾಯಕ ಆಕಾಶಕ್ಕೆ ನೆಗೆಯುತ್ತಾನೆ. ಹೇಗೆ ನೆಗೆದ, ಯಾವಾಗ ನೆಗೆಯಲಾರ, ಅದಕ್ಕಾಗಿ ತೆತ್ತದ್ದೇನು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ. ಆದ್ದರಿಂದ ಇಂದು ಫ್ಯಾಂಟಸಿ ಬರೆಯುವವರು ನಿಯಮಬದ್ಧವಾದ ಮಾಯೆಯನ್ನು ಇಂಗ್ಲಿಷಿನಿಂದಲೇ ಕಲಿಯಬೇಕು ಎಂಬುದು ಈ ವಾದದ ಸಾರ. ಬೆಂಬಲಕ್ಕೆ ಅಮೆರಿಕದ ಕಾದಂಬರಿಕಾರ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ 2007ರ ಪ್ರಬಂಧವೊಂದನ್ನು ಹೆಸರಿಸುವುದೂ ಉಂಟು. ಮಾಯೆಯಿಂದ ಕಥೆಯ ತೊಡಕನ್ನು ಬಿಡಿಸುವ ಸಾಮರ್ಥ್ಯ ಲೇಖಕನಿಗೆ ದೊರೆಯುವುದು ಆ ಮಾಯೆಯ ಬಗೆ ಓದುಗನಿಗೆ ಎಷ್ಟು ಮನವರಿಕೆಯಾಗಿದೆಯೋ ಅಷ್ಟರಮಟ್ಟಿಗೆ ಎಂಬುದು ಅಲ್ಲಿನ ಸೂತ್ರ. ಶಕ್ತಿಗಿಂತ ಅದರ ಮಿತಿಯೇ ಕಥೆಗೆ ಹೆಚ್ಚು ಒದಗಿಬರುತ್ತದೆ ಎಂಬುದು ಅವರ ಇನ್ನೊಂದು ಸೂತ್ರ. ನಿಯಮಗಳು ಸ್ಪಷ್ಟವಾಗಿದ್ದರೆ ಅದು ಗಟ್ಟಿ ಮಾಯೆ, ನಿಗೂಢವಾಗಿಯೇ ಉಳಿದರೆ ಮೆದು ಮಾಯೆ.

ಸೂತ್ರಗಳನ್ನು ದೂರಬೇಕಾದ ಕಾರಣವಿಲ್ಲ. ಅವು ಕಸುಬು ಬಲ್ಲವರ ಮಾತುಗಳು. ದೂರಬೇಕಾದದ್ದು ಅವುಗಳನ್ನು ಹಿಡಿದುಕೊಂಡು ಕನ್ನಡದ ಪ್ರಾಚೀನ ಸಾಹಿತ್ಯವನ್ನು ತೆರೆಯದೆಯೇ ತೀರ್ಪು ಕೊಡುವ ಆತುರವನ್ನು. ಚಿಂಚೋಳಿಯ ಕಾಡನ್ನೂ ಚಂದ್ರಂಪಳ್ಳಿಯ ಜಲಾಶಯವನ್ನೂ ನೋಡಲು ಬರುವ ಪ್ರವಾಸಿಗರಲ್ಲಿ ಕೆಲವರು ಸೇಡಂ ತಾಲೂಕಿನ ಮಳಖೇಡಕ್ಕೂ ಹೋಗಿಬರುತ್ತಾರೆ; ಕಾಗಿಣಾ ನದಿಯ ದಂಡೆಯ ಕೋಟೆ, ನೇಮಿನಾಥ ಬಸದಿಗಳನ್ನು ಕಂಡು, ಸಿಮೆಂಟಿನ ಧೂಳನ್ನು ಕೊಡವಿಕೊಂಡು ಮರಳುತ್ತಾರೆ. ಇದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದು ಅವರಿಗೆ ಗೊತ್ತು. ಅಮೋಘವರ್ಷ, ಕವಿರಾಜಮಾರ್ಗ, ಜಿನಸೇನ ಎಂಬ ಹೆಸರುಗಳೂ ಗೊತ್ತು. ಇದೇ ಊರಿನಲ್ಲಿ ಮಂತ್ರವಿದ್ಯೆಯ ನಿಯಮಗಳನ್ನು ಮೊದಲಿನಿಂದ ಕಡೆಯವರೆಗೆ ಕ್ರಮವಾಗಿ ಹೇಳಿದ ಗ್ರಂಥವೊಂದು, ರಚನೆಯ ತಿಥಿಯೊಡನೆ, ಮುಗಿಯಿತೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಆ ಗ್ರಂಥ ಇಂದ್ರನಂದಿಯ ‘ಜ್ವಾಲಾಮಾಲಿನೀ ಕಲ್ಪ’. ಶಕ ವರ್ಷ 861, ಅಂದರೆ ಕ್ರಿ.ಶ. 939ರ ಅಕ್ಷಯ ತೃತೀಯೆಯಂದು, ಮುಮ್ಮಡಿ ಕೃಷ್ಣನ ಕಾಲದಲ್ಲಿ, ಮಾನ್ಯಖೇಟದಲ್ಲಿ ಅದು ಪೂರ್ಣಗೊಂಡಿತು. ಎರಡು ವರ್ಷಗಳ ಅನಂತರ, 941ರಲ್ಲಿ ಪಂಪನ ಆದಿಪುರಾಣ ಹೊರಬಂತು. ಎರಡನ್ನೂ ಒಂದೇ ಕಾಲದ ಫಲಗಳೆಂದು ಒಂದೇ ಉಸಿರಿನಲ್ಲಿ ಹೇಳುವ ಸಾಹಿತ್ಯ ಚರಿತ್ರೆ ಅಪರೂಪ. ಒಂದು ಕಾವ್ಯ, ಇನ್ನೊಂದು ಮಂತ್ರಶಾಸ್ತ್ರ. ಒಂದನ್ನು ತರಗತಿಯಲ್ಲಿ ಓದಿಸುತ್ತಾರೆ, ಇನ್ನೊಂದನ್ನು ಕಪಾಟಿನ ಹಿಂದೆ ಸರಿಸುತ್ತಾರೆ.

ಕಲ್ಪದ ಹುಟ್ಟಿನ ಕಥೆಯೇ ಒಂದು ಒಳ್ಳೆಯ ಕಾದಂಬರಿಯ ಮೊದಲ ಅಧ್ಯಾಯದಂತಿದೆ. ದ್ರಾವಿಡ ಗಣದ ಹೇಲಾಚಾರ್ಯರು ದಕ್ಷಿಣದ ಹೇಮಗ್ರಾಮದಲ್ಲಿದ್ದಾಗ ಅವರ ಶಿಷ್ಯೆ ಕಮಲಶ್ರೀಯನ್ನು ಬ್ರಹ್ಮರಾಕ್ಷಸ ಹಿಡಿಯುತ್ತದೆ. ಆಚಾರ್ಯರು ಊರ ಬಳಿಯ ನೀಲಗಿರಿ ಬೆಟ್ಟವನ್ನೇರಿ ಅಗ್ನಿದೇವಿಯಾದ ಜ್ವಾಲಾಮಾಲಿನಿಯನ್ನು ಆರಾಧಿಸುತ್ತಾರೆ. ದೇವಿ ಬರುತ್ತಾಳೆ, ಲೌಕಿಕವಾದ ಯಾವ ಫಲವೂ ಬೇಡ, ಶಿಷ್ಯೆಯ ಗ್ರಹಮೋಕ್ಷವೊಂದೇ ಸಾಕೆಂದು ಅವರು ಬೇಡುತ್ತಾರೆ. ಆಕೆ ಕಬ್ಬಿಣದ ಪತ್ರದಲ್ಲಿ ಬರೆದ ಮಂತ್ರವನ್ನು ಕೊಡುತ್ತಾಳೆ. ಇಲ್ಲಿ ಕಥೆ ಮುಗಿಯಬೇಕಿತ್ತು. ಆದರೆ ಮಂತ್ರ ಕೈಗೆ ಬಂದರೂ ಅದನ್ನು ಬಳಸುವ ವಿಧಿ ಆಚಾರ್ಯರಿಗೆ ತಿಳಿಯದು. ಅವರು ಮತ್ತೆ ಕೇಳಬೇಕಾಗುತ್ತದೆ, ದೇವಿ ಮತ್ತೆ ವಿವರಿಸಬೇಕಾಗುತ್ತದೆ. ವರ ಬೇರೆ, ವಿಧಿ ಬೇರೆ. ದೇವತೆಯ ಒಲವು ದೊರೆತ ಮಾತ್ರಕ್ಕೆ ಕೆಲಸವಾಗುವುದಿಲ್ಲ, ಪ್ರಯೋಗವನ್ನು ಕಲಿಯಬೇಕು ಎಂಬ ಈ ಒಂದು ಪ್ರಸಂಗ ಸಾಕು, ಹಳೆಯ ಕಥೆಗಳಲ್ಲಿ ದೇವತೆ ಬಂದು ವರ ಕೊಟ್ಟರೆ ಎಲ್ಲವೂ ಮುಗಿಯಿತೆಂಬ ವಾದದ ಬುಡ ಅಲುಗಲು.

ಆ ವಿದ್ಯೆ ಹೇಲಾಚಾರ್ಯರಿಂದ ಪರಂಪರೆಯಾಗಿ ಇಳಿದುಬಂತು. ಆ ಪರಂಪರೆಯಲ್ಲಿ ಕ್ಷಾಂತಿರಸಬ್ಬೆ ಎಂಬ ಆರ್ಯಿಕೆಯೂ ಇದ್ದಾಳೆ. ಹಳೆಯ ಗ್ರಂಥ ಕ್ಲಿಷ್ಟವಾಗಿದ್ದುದರಿಂದ ಇಂದ್ರನಂದಿ ಅದನ್ನು ಹೊಸದಾಗಿ, ಸುಲಭವಾದ ಛಂದಸ್ಸಿನಲ್ಲಿ ರಚಿಸಿದ. ಮಂತ್ರಿಯ ಲಕ್ಷಣ, ಗ್ರಹ, ಮುದ್ರೆ, ಮಂಡಲ, ಕಟುತೈಲ, ಯಂತ್ರ, ತಂತ್ರ, ಸ್ನಪನವಿಧಿ, ನೀರಾಜನವಿಧಿ, ಸಾಧನವಿಧಿ ಎಂದು ಹತ್ತು ಅಧಿಕಾರಗಳು. ವ್ಯವಸ್ಥೆಯ ಬಗ್ಗೆ ಮಾತಾಡುವವರು ಈ ಕ್ರಮವನ್ನು ಗಮನಿಸಬೇಕು. ಮೊದಲ ಅಧಿಕಾರ ಶಕ್ತಿಯ ಬಗೆಗಲ್ಲ, ಶಕ್ತಿಯನ್ನು ಹಿಡಿಯುವವನ ಬಗೆಗೆ: ಯಾರು ಮಂತ್ರಿಯಾಗಬಹುದು, ಯಾರು ಆಗಬಾರದು. ಎರಡನೆಯದು ಎದುರಾಳಿಯ ಬಗೆಗೆ: ಹಿಡಿಯುವ ಗ್ರಹಗಳು ಯಾವುವು, ಅವು ರತಿಯ ಆಸೆಯಿಂದ ಹಿಡಿದವೇ, ಬಲಿಯ ಆಸೆಯಿಂದಲೇ, ಕೊಲ್ಲುವ ಆಸೆಯಿಂದಲೇ. ಉಪಾಯಗಳು ಬರುವುದು ಅನಂತರ. ಸ್ಯಾಂಡರ್ಸನ್ ಅವರ ‘ಮಿಸ್ಟ್‌ಬಾರ್ನ್’ ಸರಣಿಯಲ್ಲಿ ನುಂಗಿದ ಲೋಹಗಳನ್ನು ಒಡಲಲ್ಲಿ ಉರಿಸಿ ಬಲ ಪಡೆಯುವ ಪಾತ್ರಗಳನ್ನು ಓದಿ ಬೆರಗಾಗುವ ತರುಣರು ನೀಲಗಿರಿಯ ಕಬ್ಬಿಣದ ಪತ್ರದ ಕಥೆಯನ್ನೂ ಒಮ್ಮೆ ಓದಿದರೆ ನಷ್ಟವೇನಿಲ್ಲ.

ಒಂದು ಶತಮಾನದ ಅನಂತರ ಮುಳಗುಂದದ ಮಲ್ಲಿಷೇಣ ಈ ಶಾಸ್ತ್ರವನ್ನು ಇನ್ನಷ್ಟು ಬಿಗಿಗೊಳಿಸಿದ. 1047ರಲ್ಲಿ ಮಹಾಪುರಾಣವನ್ನು ಮುಗಿಸಿದ ಈತನೇ ‘ಭೈರವ ಪದ್ಮಾವತೀ ಕಲ್ಪ’ದ ಕರ್ತೃ. ಸಾಧಕನ ಹೆಸರಿಗೂ ಮಂತ್ರಕ್ಕೂ ಹೊಂದಿಕೆಯಿದೆಯೇ ಎಂಬುದನ್ನು ಮೊದಲು ಲೆಕ್ಕಹಾಕಬೇಕು. ಅದರಂತೆ ಮಂತ್ರ ಅವನಿಗೆ ಸಿದ್ಧ, ಸಾಧ್ಯ, ಸುಸಿದ್ಧ ಅಥವಾ ಶತ್ರು. ಹೆಸರನ್ನೂ ಮಂತ್ರಾಕ್ಷರಗಳನ್ನೂ ಹೆಣೆಯುವ ರೀತಿಗಳು ಆರು: ದೀಪನ, ಪಲ್ಲವ, ಸಂಪುಟ, ರೋಧ, ಗ್ರಥನ, ವಿದರ್ಭಣ. ಪ್ರತಿಯೊಂದು ಕರ್ಮಕ್ಕೂ ದಿಕ್ಕು ಬೇರೆ, ಕಾಲ ಬೇರೆ, ಆಸನ ಬೇರೆ, ಮುದ್ರೆ ಬೇರೆ. ಇದಕ್ಕಿಂತ ಗಟ್ಟಿಯಾದ ಮಾಯೆಯನ್ನು ಆಧುನಿಕ ಕಾದಂಬರಿಗಳಲ್ಲಿ ಹುಡುಕುವುದು ಸುಲಭವಲ್ಲ. ವಾಕ್ಯರಚನೆಯ ಪಾಠದಂತಿರುವ ಈ ಆರು ಹೆಣಿಗೆಗಳನ್ನು ವ್ಯಾಕರಣ ಬಲ್ಲ ಕನ್ನಡ ಲೇಖಕನೊಬ್ಬ ಕೈಗೆತ್ತಿಕೊಂಡರೆ ಎಂತೆಂತಹ ಕಥೆಗಳು ಹುಟ್ಟಬಹುದೆಂದು ಯಾರಾದರೂ ಊಹಿಸಬಹುದು.

ವ್ಯಾಕರಣ ಎಂಬುದು ಇಲ್ಲಿ ಅಲಂಕಾರದ ಮಾತಾಗಿ ಬಂದಿಲ್ಲ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ‘ಧವಲಾ’ ಟೀಕೆಯಲ್ಲಿ, ಅಂದರೆ ಅಮೋಘವರ್ಷನ ಗುರು ಜಿನಸೇನರ ಗುರುವಿನ ಕೃತಿಯಲ್ಲಿ, ಮಂತ್ರವ್ಯಾಕರಣ ಎಂಬ ಪದವೇ ಬರುತ್ತದೆ. ಮೂಡಬಿದಿರೆಯ ತಾಳೆಯೋಲೆಗಳು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಆ ಟೀಕೆಯಲ್ಲಿನ ಪ್ರಸಂಗ ಹೀಗಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರು ತಮ್ಮೊಡನೆ ಶ್ರುತಜ್ಞಾನ ಅಳಿದುಹೋದೀತೆಂಬ ಆತಂಕದಿಂದ ದಕ್ಷಿಣದ ಮುನಿಗಳಿಗೆ ಓಲೆ ಕಳುಹಿಸುತ್ತಾರೆ. ಇಬ್ಬರು ಮುನಿಗಳು ಬರುತ್ತಾರೆ. ಅವರು ಯೋಗ್ಯರೇ ಎಂದು ತಿಳಿಯಬೇಕು. ಧರಸೇನರು ಇಬ್ಬರಿಗೂ ಒಂದೊಂದು ವಿದ್ಯೆಯನ್ನು ಕೊಟ್ಟು ಎರಡು ದಿನದ ಉಪವಾಸದಿಂದ ಸಾಧಿಸಿರೆಂದು ಹೇಳುತ್ತಾರೆ. ಒಬ್ಬನಿಗೆ ಕೊಟ್ಟ ಮಂತ್ರದಲ್ಲಿ ಒಂದಕ್ಷರ ಹೆಚ್ಚು, ಇನ್ನೊಬ್ಬನದರಲ್ಲಿ ಒಂದಕ್ಷರ ಕಡಿಮೆ. ಇದನ್ನು ಅವರಿಗೆ ತಿಳಿಸಿಲ್ಲ. ವಿದ್ಯೆಗಳು ಸಿದ್ಧಿಸುತ್ತವೆ, ದೇವತೆಗಳು ಕಾಣಿಸಿಕೊಳ್ಳುತ್ತಾರೆ. ಒಬ್ಬಳಿಗೆ ಹಲ್ಲು ಮುಂದಕ್ಕೆ ಚಾಚಿವೆ, ಇನ್ನೊಬ್ಬಳಿಗೆ ಒಂದೇ ಕಣ್ಣು. ಮುನಿಗಳು ಹೆದರುವುದಿಲ್ಲ, ಕೈಮುಗಿದು ವರ ಕೇಳುವುದೂ ಇಲ್ಲ. ದೇವತೆಗಳ ಸ್ವಭಾವದಲ್ಲಿ ವಿಕಾರವಿರಲಾರದು, ಆದ್ದರಿಂದ ದೋಷವಿರುವುದು ಪಾಠದಲ್ಲಿ ಎಂದು ತರ್ಕಿಸಿ, ಹೆಚ್ಚಿನ ಅಕ್ಷರವನ್ನು ತೆಗೆದು, ಕೊರತೆಯ ಅಕ್ಷರವನ್ನು ಸೇರಿಸಿ ಮತ್ತೆ ಜಪಿಸುತ್ತಾರೆ. ಈ ಬಾರಿ ದೇವತೆಗಳು ಸಹಜರೂಪದಲ್ಲಿ ಬರುತ್ತಾರೆ. ಧರಸೇನರು ಸಂತೋಷಗೊಂಡು ಪಾಠ ಆರಂಭಿಸುತ್ತಾರೆ. ಆ ಇಬ್ಬರೇ ಪುಷ್ಪದಂತ, ಭೂತಬಲಿ. ಅವರು ರಚಿಸಿದ್ದು ‘ಷಟ್ಖಂಡಾಗಮ’.

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲ ದಿನ ಹೇಳಬೇಕಾದ ಕಥೆ ಇದು. ಪಾಠದೋಷ ದೇವತೆಯ ಮುಖದಲ್ಲಿ ಕಾಣುತ್ತದೆ. ಮುಖವನ್ನು ಓದಿ ಪಾಠವನ್ನು ತಿದ್ದಬೇಕು. ಕಾರಣಕ್ಕೂ ಕಾರ್ಯಕ್ಕೂ ಇರುವ ನಂಟು ಇಷ್ಟು ಖಚಿತವಾಗಿರುವಾಗ ಇದನ್ನು ನಿಯಮವಿಲ್ಲದ ಮಾಯೆಯೆನ್ನುವುದು ಹೇಗೆ? ಇನ್ನೊಂದು ಅಂಶವನ್ನೂ ಗಮನಿಸಬೇಕು. ಸಿದ್ಧಿಸಿದ ಆ ವಿದ್ಯೆಗಳಿಂದ ಮುನಿಗಳು ಏನನ್ನೂ ಮಾಡಿಸಿಕೊಳ್ಳಲಿಲ್ಲ. ಬಂದ ದೇವತೆಗಳಿಗೆ ಅಪ್ಪಣೆ ಕೊಡಲಿಲ್ಲ. ಗುರುವಿಗೆ ನಡೆದದ್ದನ್ನು ನಿವೇದಿಸಿದರು, ಅಷ್ಟೆ.

ಈ ಎರಡನೆಯ ಅಂಶವೇ ಜೈನ ಪರಂಪರೆಯ ಮಾಂತ್ರಿಕ ವ್ಯವಸ್ಥೆಯ ನಿಜವಾದ ಹೊಸತನ. ಗಟ್ಟಿ, ಮೆದು ಎಂಬ ವಿಂಗಡಣೆಗೆ ಸಿಕ್ಕದೆ ಉಳಿಯುವುದೂ ಇದೇ. ಹದಿನಾಲ್ಕು ಪೂರ್ವಗಳಲ್ಲಿ ಹತ್ತನೆಯದಾದ ವಿದ್ಯಾನುಪ್ರವಾದದಲ್ಲಿ ರೋಹಿಣಿ ಮೊದಲಾದ 500 ಮಹಾವಿದ್ಯೆಗಳೂ 700 ಕಿರುವಿದ್ಯೆಗಳೂ ಇದ್ದವೆಂದು ಶಾಸ್ತ್ರ ಹೇಳುತ್ತದೆ. ಆ ಪೂರ್ವದ ಅಧ್ಯಯನ ಮುಗಿಯುತ್ತಿದ್ದಂತೆ ವಿದ್ಯೆಗಳು ತಾವಾಗಿಯೇ ಬಂದು ಏನಪ್ಪಣೆ ಎಂದು ಕೇಳುತ್ತವೆ. ಆ ಕ್ಷಣದಲ್ಲಿ ಆಸೆಪಟ್ಟವನು ಭಿನ್ನದಶಪೂರ್ವಿ, ಆಸೆಪಡದೆ ಮುಂದೆ ನಡೆದವನು ಅಭಿನ್ನದಶಪೂರ್ವಿ. ಇಬ್ಬರೂ ಓದಿದ್ದು ಒಂದೇ ಗ್ರಂಥ, ಇಬ್ಬರಿಗೂ ಒದಗಿದ್ದು ಒಂದೇ ಶಕ್ತಿ. ರುದ್ರರು ಜಾರಿದ್ದು ಇಲ್ಲಿಯೇ. ಶ್ವೇತಾಂಬರ ಪರಂಪರೆಯಲ್ಲಿ ಸ್ಥೂಲಭದ್ರ ತನ್ನನ್ನು ಕಾಣಬಂದ ತಂಗಿಯರ ಮುಂದೆ ಸಿಂಹವಾಗಿ ಕಾಣಿಸಿಕೊಂಡ. ಅದನ್ನು ತಿಳಿದ ಭದ್ರಬಾಹು ಕಡೆಯ ನಾಲ್ಕು ಪೂರ್ವಗಳ ಅರ್ಥವನ್ನು ಅವನಿಗೆ ಹೇಳಲಿಲ್ಲ. ಒಂದು ಪ್ರದರ್ಶನಕ್ಕೆ ತೆತ್ತ ಬೆಲೆ ನಾಲ್ಕು ಪೂರ್ವಗಳು! ಮಾಯೆಗೆ ಬೆಲೆಯಿರಬೇಕೆಂದು ಇಂಗ್ಲಿಷಿನ ಕೈಪಿಡಿಗಳು ಉಪದೇಶಿಸುವಾಗ ಸಾಮಾನ್ಯವಾಗಿ ಹೇಳುವುದು ದಣಿವು, ರಕ್ತ, ಆಯುಸ್ಸು. ಜ್ಞಾನಪರಂಪರೆಯೊಂದರ ಕಡಿತವನ್ನೇ ಬೆಲೆಯಾಗಿ ಇಡುವ ಕಲ್ಪನೆ ಇದಕ್ಕಿಂತ ಎಷ್ಟೋ ಆಳದ್ದು. ಇಂಗ್ಲಿಷ್ ಫ್ಯಾಂಟಸಿಯಲ್ಲಿ ಇದರ ಹತ್ತಿರಕ್ಕೆ ಬಂದವರು ಉರ್ಸುಲಾ ಲೆ ಗ್ವಿನ್. 1968ರಲ್ಲಿ ಆರಂಭವಾದ ಅವರ ಅರ್ತ್‌ಸೀ ಕಥೆಗಳಲ್ಲಿ ಗೆಡ್ ಎಂಬ ತರುಣ ಹಮ್ಮಿನಿಂದ ಮಾಡಿದ ಒಂದು ಪ್ರದರ್ಶನ ಅವನ ಬೆನ್ನಿಗೆ ನೆರಳೊಂದನ್ನು ಅಂಟಿಸುತ್ತದೆ. ಮೂರನೆಯ ಕಾದಂಬರಿಯ ಕೊನೆಗೆ ಅವನು ತನ್ನ ಶಕ್ತಿಯನ್ನೆಲ್ಲ ಖರ್ಚುಮಾಡಿ ಬರಿಗೈಯಾಗುತ್ತಾನೆ. ಲೆ ಗ್ವಿನ್ ಅವರನ್ನು ಮೆಚ್ಚುವವರು ಸ್ಥೂಲಭದ್ರನನ್ನು ಮೆಚ್ಚದಿರಲು ಕಾರಣವಿಲ್ಲ. ಇರುವ ಕಾರಣ ಒಂದೇ, ಅವನನ್ನು ಅವರಿಗೆ ಯಾರೂ ಪರಿಚಯಿಸಿಲ್ಲ.

ಇದೆಲ್ಲ ಶಾಸ್ತ್ರ, ಇದನ್ನು ನಂಬಿ ಪ್ರಯೋಗಿಸಿದವರಿದ್ದರು. ಕಟ್ಟುಕಥೆಯ ಮಾಯೆಯೊಡನೆ ಇದನ್ನು ಹೋಲಿಸಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರ ಕಾವ್ಯಗಳಲ್ಲಿದೆ. ನಿಯಮ ಓದುಗನಿಗೆ ಮೊದಲೇ ಗೊತ್ತಿದ್ದರೆ ಕವಿ ಅದರ ಮೇಲೆ ಕಥೆಯ ಭಾರವನ್ನು ಹೊರಿಸಬಲ್ಲ. ಜಿನಸೇನರ ಆದಿಪುರಾಣದಲ್ಲಿ ನಮಿ ವಿನಮಿಗಳಿಗೆ ಧರಣೇಂದ್ರ ವಿದ್ಯೆಗಳನ್ನೂ ವಿಜಯಾರ್ಧ ಪರ್ವತದ ಎರಡು ಶ್ರೇಣಿಗಳನ್ನೂ ಕೊಡುತ್ತಾನೆ. ತೆಂಕಣ ಶ್ರೇಣಿಯಲ್ಲಿ 50 ನಗರಗಳು, ಬಡಗಣ ಶ್ರೇಣಿಯಲ್ಲಿ 60. ವಿದ್ಯಾಧರರ ವಿದ್ಯೆಗಳಲ್ಲಿ ಕುಲ ಜಾತಿಗಳ ಆಶ್ರಯದಿಂದ ಬರುವವು ಒಂದು ಬಗೆ, ತಪಸ್ಸಿನಿಂದ ಆರಾಧಿಸಿ ಪಡೆಯಬೇಕಾದವು ಇನ್ನೊಂದು ಬಗೆ. ಹುಟ್ಟಿನಿಂದ ಬಂದ ಬಲ, ದುಡಿದು ಗಳಿಸಿದ ಬಲ ಎಂಬ ಈ ಭೇದ ಇಂದಿನ ಫ್ಯಾಂಟಸಿಯ ಅರ್ಧ ಪಾಲು ಜಗಳಗಳ ಮೂಲ.

ಈ ಭೇದವನ್ನು ತಿಳಿದವನಿಗೆ ನಾಗಚಂದ್ರನ ರಾವಣ ಬೇರೆಯಾಗಿಯೇ ಕಾಣುತ್ತಾನೆ. ಕುಲದಿಂದಲೇ ವಿದ್ಯಾಧರನಾದ ರಾವಣ ಯುದ್ಧದ ನಡುವೆ ಶಾಂತಿನಾಥನ ಬಸದಿಯಲ್ಲಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಸಾಧಿಸತೊಡಗುತ್ತಾನೆ. ಧ್ಯಾನ ಕದಲಿದರೆ ವಿದ್ಯೆ ಕೈಗೂಡದು. ಎದುರು ಪಕ್ಷದ ವೀರರು ಬಂದು ಕಾಡುತ್ತಾರೆ, ರಾವಣ ಅಲುಗುವುದಿಲ್ಲ. ವಿದ್ಯೆ ಸಿದ್ಧಿಸುತ್ತದೆ. ನಿಯಮದ ದೃಷ್ಟಿಯಿಂದ ಅವನ ಸಾಧನೆ ಪರಿಪೂರ್ಣ. ಅದೇ ಬಲದ ಹಮ್ಮಿನಲ್ಲಿ ಸೀತೆಯ ಬಳಿಗೆ ಹೋಗಿ ಬೆದರಿಸುತ್ತಾನೆ, ಆಕೆ ಮೂರ್ಛೆ ಹೋಗುತ್ತಾಳೆ. ಬಸದಿಯಲ್ಲಿ ಯಾವ ಉಪಟಳಕ್ಕೂ ಕದಲದ ಮನಸ್ಸು ಇಲ್ಲಿ ಕದಲುತ್ತದೆ. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು, ಅನಂತರ ಸೀತೆಯನ್ನು ಒಪ್ಪಿಸುವುದಾಗಿ ಅವನು ನಿಶ್ಚಯಿಸುತ್ತಾನೆ. ಆ ಅಭಿಮಾನಕ್ಕೆ ಸಮಯ ಉಳಿದಿಲ್ಲ. ಪ್ರತಿವಾಸುದೇವ ತನ್ನ ಚಕ್ರದಿಂದಲೇ ವಾಸುದೇವನ ಕೈಯಲ್ಲಿ ಸಾಯಬೇಕೆಂಬ ನಿಯಮವೊಂದು ಎಲ್ಲ ವಿದ್ಯೆಗಳ ಮೇಲಿದೆ. ಎಸೆದ ಚಕ್ರ ಲಕ್ಷ್ಮಣನ ಕೈಯಲ್ಲಿ ನಿಲ್ಲುತ್ತದೆ. ನಾಗಚಂದ್ರನ ರಾವಣನನ್ನು ದುರಂತ ನಾಯಕನೆಂದು ಕೊಂಡಾಡಿದ ವಿಮರ್ಶಕರು ಹಲವರು. ವಿದ್ಯಾಸಾಧನೆಯ ನಿಯಮವನ್ನು ಬದಿಗಿಟ್ಟರೆ ಆ ದುರಂತದ ಅಚ್ಚುಮೊಳೆಯೇ ಕಳಚುತ್ತದೆಂಬುದನ್ನು ಹೇಳಿದವರು ವಿರಳ. ಸೀತೆಯ ಎದುರು ಅವನ ಮನಸ್ಸು ಕರಗಿದ್ದು ದೊಡ್ಡದಾಗುವುದು, ಸ್ವಲ್ಪ ಮೊದಲು ಅದೇ ಮನಸ್ಸು ಕರಗದೆ ನಿಂತದ್ದನ್ನು ಓದುಗ ಕಂಡಿರುವುದರಿಂದ.

ವ್ಯವಸ್ಥೆ ಎಂದ ಮಾತ್ರಕ್ಕೆ ಅದರೊಳಗೆ ಜಗಳವಿರಲಿಲ್ಲವೆಂದು ತಿಳಿಯಬೇಕಿಲ್ಲ. ಸಮಂತಭದ್ರರ ರತ್ನಕರಂಡಕ ಸಮ್ಯಕ್ತ್ವದ ಎಂಟು ಅಂಗಗಳಿಗೆ ಉದಾಹರಣೆ ಕೊಡುವಾಗ ಮೊದಲು ಹೆಸರಿಸುವುದು ಅಂಜನಚೋರನನ್ನು. ಆ ಕಥೆಯನ್ನು ಮುಂದಿನವರು ಬೆಳೆಸಿದ್ದಾರೆ. ಸ್ಮಶಾನದ ಆಲದ ಮರಕ್ಕೆ 108 ಎಳೆಗಳ ಉಯ್ಯಾಲೆ, ಅದರ ಕೆಳಗೆ ಮೊನೆ ಮೇಲಾಗಿ ನೆಟ್ಟ ಆಯುಧಗಳು. ಮಂತ್ರವನ್ನು ಹೇಳುತ್ತ ಒಂದೊಂದೇ ಎಳೆಯನ್ನು ಕಡಿಯುತ್ತ ಹೋದರೆ ಆಕಾಶಗಾಮಿನೀ ವಿದ್ಯೆ ಸಿದ್ಧಿಸುತ್ತದೆ. ಮಂತ್ರವನ್ನು ಸರಿಯಾಗಿ ಬಲ್ಲ ಸಾಧಕ ಏರುತ್ತಾನೆ, ಕೆಳಗೆ ನೋಡಿ ಹೆದರಿ ಇಳಿಯುತ್ತಾನೆ, ಮತ್ತೆ ಏರುತ್ತಾನೆ. ಕಾವಲುಗಾರರಿಂದ ತಪ್ಪಿಸಿಕೊಂಡು ಓಡಿಬಂದ ಕಳ್ಳ ಅದನ್ನು ಕಂಡು ವಿಷಯ ಕೇಳಿ ತಿಳಿದು, ತಾನೇ ಉಯ್ಯಾಲೆಯೇರಿ ಎಲ್ಲ ಎಳೆಗಳನ್ನೂ ಒಂದೇ ಏಟಿಗೆ ಕಡಿದುಬಿಡುತ್ತಾನೆ. ಬೀಳುವ ಮೊದಲೇ ವಿದ್ಯೆ ಅವನನ್ನು ಎತ್ತಿಕೊಳ್ಳುತ್ತದೆ. ಧವಲೆಯಲ್ಲಿ ಒಂದಕ್ಷರ ಕೆಟ್ಟರೆ ದೇವತೆಯ ಕಣ್ಣು ಹೋಗುತ್ತದೆ. ಇಲ್ಲಿ ಅಕ್ಷರ ಬಲ್ಲವನು ನೆಲದಲ್ಲಿ ಉಳಿಯುತ್ತಾನೆ, ಸಂಶಯವಿಲ್ಲದವನು ಹಾರುತ್ತಾನೆ. ಇವೆರಡನ್ನೂ ಒಂದೇ ಪರಂಪರೆ ಕಾಪಾಡಿಕೊಂಡು ಬಂದಿದೆ, ಯಾವುದನ್ನೂ ಇನ್ನೊಂದಕ್ಕಾಗಿ ಬಿಟ್ಟಿಲ್ಲ.

ಮಾನ್ಯಖೇಟದಲ್ಲಿಯೇ ಬರೆದ ಪುಷ್ಪದಂತ ಕವಿ, ಷಟ್ಖಂಡಾಗಮದ ಪುಷ್ಪದಂತರಿಗಿಂತ ಶತಮಾನಗಳಷ್ಟು ಈಚಿನವನು, ಇದಕ್ಕೆ ವಿರುದ್ಧವಾದ ಇನ್ನೊಂದು ವ್ಯವಸ್ಥೆಯನ್ನು ಎದುರಿಗಿಟ್ಟ. ಮುಮ್ಮಡಿ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ 965ರಲ್ಲಿ ಅಪಭ್ರಂಶ ಮಹಾಪುರಾಣವನ್ನು ಮುಗಿಸಿದ ಈತ, ಭರತನ ಮಗ ನನ್ನನ ಆಶ್ರಯದಲ್ಲಿ ‘ಜಸಹರಚರಿಉ’ ರಚಿಸಿದ. ಅದರಲ್ಲಿ ಭೈರವಾನಂದನೆಂಬ ಕಾಪಾಲಿಕ ರಾಜ ಮಾರಿದತ್ತನಿಗೆ ಆಕಾಶದಲ್ಲಿ ಸಂಚರಿಸುವ ಬಲದ ಆಸೆ ತೋರಿಸುತ್ತಾನೆ. ನಿಯಮ ಸ್ಪಷ್ಟ: ಎಲ್ಲ ಬಗೆಯ ಜೀವಿಗಳ ಒಂದೊಂದು ಜೋಡಿಯನ್ನು ಚಂಡಮಾರಿಗೆ ಬಲಿ ಕೊಡಬೇಕು. ಬೆಲೆಯೂ ಸ್ಪಷ್ಟ, ಫಲವೂ ಸ್ಪಷ್ಟ. ಗಟ್ಟಿ ಮಾಯೆಯ ಎಲ್ಲ ಲಕ್ಷಣಗಳೂ ಇಲ್ಲಿವೆ. ಮನುಷ್ಯರ ಜೋಡಿಯಾಗಿ ಹಿಡಿದು ತಂದ ಅಭಯರುಚಿ, ಅಭಯಮತಿಯರು ಇದಕ್ಕೆ ಪ್ರತಿಯಾಗಿ ಇನ್ನೂ ಬಲವಾದ ಮಂತ್ರವನ್ನು ಹೇಳುವುದಿಲ್ಲ. ತಮ್ಮ ಹಿಂದಿನ ಭವಗಳ ಕಥೆಯನ್ನು ಹೇಳುತ್ತಾರೆ: ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪ ಮಾತ್ರದಿಂದಲೇ ಎಷ್ಟು ಪ್ರಾಣಿಜನ್ಮಗಳನ್ನು ತೊಳಲಿ ಬಂದೆವೆಂಬ ಕಥೆ. ಕತ್ತಿ ಕೆಳಗಿಳಿಯುತ್ತದೆ. ಇದೇ ಕಥಾವಸ್ತು ಸೋಮದೇವನ 959ರ ಯಶಸ್ತಿಲಕದಲ್ಲೂ 1209ರ ಜನ್ನನ ಯಶೋಧರಚರಿತೆಯಲ್ಲೂ ಇದೆ. ಕನ್ನಡ ವಿದ್ಯಾರ್ಥಿಗಳು ಜನ್ನನನ್ನು ಓದುತ್ತಾರೆ, ಅಮೃತಮತಿಯ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಎರಡು ಮಾಂತ್ರಿಕ ತರ್ಕಗಳ ನಡುವಿನ ಹೋರಾಟವೊಂದು ಆ ಕಥಾಪರಂಪರೆಯ ಚೌಕಟ್ಟಿನಲ್ಲಿದೆ ಎಂಬುದರ ಬಗ್ಗೆ ಒಂದು ಟಿಪ್ಪಣಿಯೂ ಅಪರೂಪ.

ಹೀಗಾಗಲು ಹೊಣೆ ಯಾರದು? ಇಂಗ್ಲಿಷ್ ಓದುವ ತರುಣರದು ಅತಿ ಕಡಿಮೆ ಪಾಲು. ದೊಡ್ಡ ಪಾಲು ಹಿಂದಿನ ತಲೆಮಾರಿನ ವಿದ್ವತ್ತಿನದು. ಯಕ್ಷಿಯರ ಆರಾಧನೆ, ಮಂತ್ರವಾದ, ಕಲ್ಪಗ್ರಂಥಗಳೆಲ್ಲ ಜೈನಧರ್ಮದ ಅವನತಿಯ ಲಕ್ಷಣಗಳು, ಹೊರಗಿನ ತಾಂತ್ರಿಕ ಪ್ರಭಾವದಿಂದ ಅಂಟಿದ ಮೈಲಿಗೆ ಎಂಬ ಅಭಿಪ್ರಾಯ ಬಹುಕಾಲ ಪ್ರಮಾಣವಾಗಿ ನಡೆಯಿತು. ಪಿ. ಬಿ. ದೇಸಾಯಿಯವರ 1957ರ ಗ್ರಂಥ ಜ್ವಾಲಾಮಾಲಿನಿಯ ಆರಾಧನೆಯನ್ನು ಶಾಸನಗಳ ಆಧಾರದಿಂದ ತೆರೆದಿಟ್ಟಿತು, ಷ. ಶೆಟ್ಟರ್ ಅವರು 1969ರಲ್ಲಿ ಆಕೆಯ ಪ್ರಾಚೀನ ಶಿಲ್ಪಗಳ ಬಗ್ಗೆ ಬರೆದರು. ಅವು ಇತಿಹಾಸದ, ಶಿಲ್ಪದ ಕಪಾಟುಗಳಲ್ಲಿಯೇ ಉಳಿದವು. ಸಾಹಿತ್ಯದವರು ಆ ಕಡೆ ತಿರುಗಲಿಲ್ಲ. ಅವನತಿಯ ವಾದಕ್ಕೆ ಕಾಲವೇ ಸಾಕ್ಷಿ ಹೇಳುವುದಿಲ್ಲ. ಕರ್ಮಸಿದ್ಧಾಂತದ ಅತ್ಯಂತ ಕಠಿಣ ಟೀಕೆಯಾದ ಧವಲೆ ತನ್ನ ಆಗಮದ ಹುಟ್ಟನ್ನೇ ವಿದ್ಯಾಸಾಧನೆಯ ಪರೀಕ್ಷೆಯಿಂದ ಆರಂಭಿಸುತ್ತದೆ. ಕಲ್ಪವನ್ನು ಬರೆದ ಮಲ್ಲಿಷೇಣನೇ ಮಹಾಪುರಾಣವನ್ನೂ ಬರೆದ. ಅವರಿಗೆ ಕಾಣದ ಮೈಲಿಗೆ ಇಪ್ಪತ್ತನೆಯ ಶತಮಾನದವರಿಗೆ ಕಂಡದ್ದು ಅವರ ಸ್ವಂತ ಸಂಕೋಚದಿಂದ.

ಸಂಕೋಚದ ಇನ್ನೊಂದು ಮುಖ ಈಚಿನದು. ಆಕಾಶಗಾಮಿನೀ ವಿದ್ಯೆಯೆಂದರೆ ವಿಮಾನಶಾಸ್ತ್ರ, ಮಂತ್ರವೆಂದರೆ ಧ್ವನಿತರಂಗಗಳ ವಿಜ್ಞಾನ ಎಂದು ಹೊಗಳುವವರು ಈ ಸಾಹಿತ್ಯವನ್ನು ಉಳಿಸುತ್ತಿರುವಂತೆ ಕಾಣುತ್ತಾರೆ. ವಾಸ್ತವದಲ್ಲಿ ಅದರ ಅರ್ಥವನ್ನೇ ಅಳಿಸುತ್ತಿದ್ದಾರೆ. ಯಂತ್ರದ ಗುಂಡಿ ಒತ್ತುವವನಿಗೆ ಭಿನ್ನ ಅಭಿನ್ನಗಳ ಪ್ರಶ್ನೆ ಏಳುವುದಿಲ್ಲ. ವಿದ್ಯೆಗೆ ಮುಖವಿದೆ, ಅದು ಬಂದು ಅಪ್ಪಣೆ ಕೇಳುತ್ತದೆ, ಕೇಳಿದಾಗ ಮನುಷ್ಯ ಏನು ಹೇಳುತ್ತಾನೆಂಬುದರಲ್ಲಿ ಅವನ ಗತಿ ನಿಶ್ಚಯವಾಗುತ್ತದೆ ಎಂಬ ಕಲ್ಪನೆಗೆ ವಿಮಾನದ ವ್ಯಾಖ್ಯಾನದಲ್ಲಿ ಎಡೆಯಿಲ್ಲ.

ಈ ಗ್ರಂಥಗಳನ್ನು ತೆರೆಯುವವರು ಅವುಗಳ ಕತ್ತಲನ್ನೂ ಮುಚ್ಚಬಾರದು. ಕಲ್ಪಗಳಲ್ಲಿ ಗ್ರಹಮೋಕ್ಷವಿರುವಂತೆ ವಶ್ಯವಿದೆ, ಸ್ತಂಭನವಿದೆ, ದ್ವೇಷ ಹುಟ್ಟಿಸುವ ಕರ್ಮವಿದೆ. ಭೈರವ ಪದ್ಮಾವತೀ ಕಲ್ಪದಲ್ಲಿ ಸ್ತ್ರೀಯರನ್ನು ಆಕರ್ಷಿಸುವ ವಿಧಿಗೆ ಒಂದು ಪರಿಚ್ಛೇದವೇ ಮೀಸಲು. ಶಿಷ್ಯೆಯೊಬ್ಬಳನ್ನು ಬಿಡಿಸಲು ಬೆಟ್ಟವೇರಿದ ಆಚಾರ್ಯರ ಕಥೆಯಿಂದ ಆರಂಭವಾದ ಶಾಸ್ತ್ರಪರಂಪರೆ ಒಂದು ಶತಮಾನದಲ್ಲಿ ಹೆಣ್ಣನ್ನು ಎಳೆದುತರುವ ಯಂತ್ರಗಳಿಗೆ ಬಂದು ನಿಂತಿತು. ಅಹಿಂಸೆಯನ್ನು ಪರಮಧರ್ಮವೆಂದ ಪರಂಪರೆ ಇದನ್ನು ತನ್ನೊಳಗೆ ಹೇಗೆ ಇಟ್ಟುಕೊಂಡಿತು ಎಂಬುದು ಸಂಶೋಧಕರು ಮುಖಾಮುಖಿ ಎದುರಿಸಬೇಕಾದ ಪ್ರಶ್ನೆ. ಕಾದಂಬರಿಕಾರನಿಗಂತೂ ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು.

ಸೇಡಂ ಊರಿನ ಶಾಸನವೊಂದು ಈ ಪ್ರಶ್ನೆಯನ್ನು ಕಲ್ಲಿನಲ್ಲಿಯೇ ಇಟ್ಟಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಡೆಯ ವರ್ಷಗಳ ಆ ಬರಹ ಸೇಡಿಂಬದ ಮುನ್ನೂರು ಮಹಾಜನರನ್ನು ಹೊಗಳುವಾಗ, ಅವರು ನಾರಾಯಣನ ಭಕ್ತರು, ಅರುವತ್ತನಾಲ್ಕು ಕಲೆಗಳಲ್ಲಿ ನಿಪುಣರು, ಜ್ವಾಲಾಮಾಲಿನಿಯ ಆರಾಧಕರು, ಅಭಿಚಾರ ಹೋಮದ ಬಲದಿಂದ ಕಾಂಚೀಪುರದ ಬಾಗಿಲನ್ನು ಒಡೆದವರು ಎನ್ನುತ್ತದೆ. ಅದೇ ಮಹಾಜನರು ಶಾಂತಿನಾಥನ ಬಸದಿಯನ್ನು ಕಟ್ಟಿಸಿದರು. ನಾರಾಯಣ, ಜ್ವಾಲಾಮಾಲಿನಿ, ಶಾಂತಿನಾಥ. ಹೋಮದಿಂದ ಒಡೆದ ಕೋಟೆಯ ಬಾಗಿಲು, ಶಾಂತಿಯ ಹೆಸರಿನ ತೀರ್ಥಂಕರನ ಗುಡಿ. ಈ ಒಂದು ಶಾಸನದಿಂದ ಮೂರು ಸಂಪುಟಗಳ ಕಾದಂಬರಿಯನ್ನು ಹೆಣೆಯಬಹುದು. ಅದನ್ನು ಹೆಣೆಯಬೇಕಾದವರು ಸದ್ಯ ಡ್ರ್ಯಾಗನ್‌ಗಳಿಗೆ ಕನ್ನಡದ ಹೆಸರು ಹುಡುಕುತ್ತಿದ್ದಾರೆ.

ಶಾಸನದ ಜಂಬವನ್ನು ಮಾನ್ಯಖೇಟದ ಅಂತ್ಯದೊಡನೆ ಇಟ್ಟು ನೋಡುವುದು ಉಚಿತ. ಇಂದ್ರನಂದಿ ಕಲ್ಪವನ್ನು ಮುಗಿಸಿದ ಮೂವತ್ತಮೂರು ವರ್ಷಗಳಿಗೆ, 972ರಲ್ಲಿ, ಪರಮಾರ ಸೀಯಕನ ಸೈನ್ಯ ಮಾನ್ಯಖೇಟವನ್ನು ಸೂರೆಮಾಡಿತು. ಅದೇ ವರ್ಷ ಧಾರೆಯಲ್ಲಿ ಧನಪಾಲ ಕವಿ ತನ್ನ ತಂಗಿ ಸುಂದರಿಗಾಗಿ ರಚಿಸಿದ ಪ್ರಾಕೃತ ನಿಘಂಟು ‘ಪಾಇಯಲಚ್ಛೀನಾಮಮಾಲಾ’ ತನ್ನ ಕಾಲವನ್ನು ಈ ಸೂರೆಯಿಂದಲೇ ಗುರುತಿಸುತ್ತದೆ. ಸೈನ್ಯವನ್ನು ನಿಲ್ಲಿಸುವ ಸ್ತಂಭನವಿದ್ಯೆ ಬಲ್ಲವರು ಆ ನಗರದಲ್ಲಿ ಇದ್ದಿರಲೇಬೇಕು. ಪುಷ್ಪದಂತನ ಮಹಾಪುರಾಣದ ಕೆಲವು ಪ್ರತಿಗಳಲ್ಲಿ ಆ ದಿನಗಳ ಒಂದು ಪದ್ಯ ಸೇರಿಕೊಂಡಿದೆ. ವಿದ್ಯಾಧರರ ನೂರ ಹತ್ತು ನಗರಗಳನ್ನು ಬಲ್ಲ ಆ ಕವಿ ಅಲ್ಲಿ ಯಾವ ದೇವತೆಯನ್ನೂ ಕರೆಯುವುದಿಲ್ಲ. ದೀನರಿಗೆ ಆಸರೆಯಾಗಿದ್ದ, ವಿದ್ವಾಂಸರಿಗೆ ಪ್ರಿಯವಾಗಿದ್ದ ಊರು ಧಾರೆಯ ಅರಸನ ಕೋಪದಲ್ಲಿ ಸುಟ್ಟುಹೋದದ್ದನ್ನು ಹೇಳಿ, ತಾನು ಇನ್ನು ಎಲ್ಲಿ ವಾಸಮಾಡಲಿ ಎಂದು ಕೇಳುತ್ತಾನೆ.